ಲೀಸ್ ಅಂದ್ರೆ ಯಾವ ಲೀಸು?

‘ಲೀಸ್’ ಅನ್ನೋ ಪದಕ್ಕೆ ಮಾನ್ವಿಯಲ್ಲಿ ಒಂದು ಅರ್ಥ, ಬೆಂಗಳೂರಿನಲ್ಲಿ ಇನ್ನೊಂದು ಅರ್ಥ, ಕಾನೂನು ಪುಸ್ತಕದಲ್ಲಿ ಮತ್ತೊಂದು. ಈ ಮೂರೂ ಒಂದೇ ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ಎದುರುಬದುರಾದವು. ಅದನ್ನೇ ಬರೀತಿದ್ದೀನಿ. ಬಾಡಿಗೆ ಮನೆಯ ಪದಗಳು ನಮಗೆಲ್ಲ ಗೊತ್ತಿರೋವೇ ಅಲ್ವಾ ಅಂತ ನೀವು ಕೇಳಬಹುದು. ಪದಗಳೆಲ್ಲ ಗೊತ್ತು, ನಿಜ. ಆದರೆ ಎದುರಿಗಿರೋರು ಅದೇ ಪದವನ್ನ ಯಾವ ಅರ್ಥದಲ್ಲಿ ಹೇಳ್ತಿದ್ದಾರೆ ಅನ್ನೋದು ಬೇರೆ ವಿಷಯ.

ಹಿನ್ನೆಲೆ ಸ್ವಲ್ಪ ಹೇಳಿಬಿಡ್ತೀನಿ. ಅಪ್ಪ ದೇವದುರ್ಗದಲ್ಲಿ ಮಾಸ್ತರರಾಗಿ ನಿವೃತ್ತರಾದವರು. ಹೋದ ವರ್ಷ ಅವರಿಗೆ ಹೃದಯದ ಆಪರೇಶನ್ ಆಯ್ತು. ದೇವದುರ್ಗದಿಂದ ರಾಯಚೂರಿಗೆ ಐವತ್ತು ಚಿಲ್ಲರೆ ಕಿಲೋಮೀಟರ್. ಹಗಲು ಹೊತ್ತಿನಲ್ಲಿ ಅದೇನು ದೂರ ಅಲ್ಲ, ರಾತ್ರಿ ಎರಡು ಗಂಟೆಗೆ ದೂರವೇ. ಅದಕ್ಕೆ ಒಂದೆರಡು ವರ್ಷ ರಾಯಚೂರಿನಲ್ಲೇ ದೊಡ್ಡಾಸ್ಪತ್ರೆಗೆ ಹತ್ತಿರ ಇರೋಣ ಅಂತ ತೀರ್ಮಾನ ಆಯ್ತು. ನಾನು ಬೆಂಗಳೂರಿನಿಂದ ನಾಲ್ಕು ದಿನ ರಜೆ ಹಾಕಿ ಹೋದೆ. ನಿಜಲಿಂಗಪ್ಪ ಕಾಲನಿ, ಆಶಾಪುರ ರಸ್ತೆ, ಲಿಂಗಸುಗೂರು ರಸ್ತೆ ಅಂತ ಎರಡು ದಿನ ಸುತ್ತಿ ಒಂದು ಅಪಾರ್ಟ್‌ಮೆಂಟ್ ನೋಡಿದ್ವಿ. ಎರಡು ಬೆಡ್‌ರೂಮು, ಮೊದಲನೇ ಮಹಡಿ, ಲಿಫ್ಟ್ ಇದೆ. ಮಾಲಕರು ಇರೋದು ಬೆಂಗಳೂರಿನಲ್ಲಿ. ಫೋನಿನಲ್ಲಿ ಅವರು ಹೇಳಿದ್ದು ಇಷ್ಟು: "ಬಾಡಿಗೆ ಆದ್ರೆ ಒಂಬತ್ತು ಸಾವಿರ, ಅಡ್ವಾನ್ಸ್ ಐವತ್ತು. ಲೀಸ್ ಆದ್ರೆ ಎಂಟು ಲಕ್ಷ, ಮೂರು ವರ್ಷ. ನನಗೆ ಲೀಸ್ ಆದ್ರೇ ಒಳ್ಳೇದು."

ಅವತ್ತು ಸಂಜೆ ಮಾನ್ವಿಯಿಂದ ಮಾವ ಬಂದಿದ್ದರು. ಅವ್ವನ ತಮ್ಮ. ಸುದ್ದಿ ಕೇಳಿದ ಕೂಡಲೇ ಹೌಹಾರಿದರು.

"ಅಳ್ಯಾ, ಎಂಟು ಲಕ್ಷ ಮೂರು ವರ್ಷಕ್ಕಂದ್ರ ತಿಂಗಳಿಗೆ ಇಪ್ಪತ್ತೆರಡು ಸಾವಿರ ಬಾಡಗಿ ಬಿತ್ತು! ಅವನೇನು ಅರಮನಿ ಕೊಡ್ತಾನೇನು?"

ಅಪ್ಪ ನಕ್ಕು, "ಇಲ್ಲೋ ಮಾರಾಯ, ರೊಕ್ಕ ವಾಪಸ್ ಬರ್ತಾದಂತ, ಬಾಡಗಿನೂ ಇಲ್ಲಂತ. ಅಂದ್ರ ಮನಿ ಪುಕ್ಕಟ ಆತಲ್ಲ" ಅಂದರು.

ಮಾವನ ಲೆಕ್ಕ ಅವರ ಮಟ್ಟಿಗೆ ಸರಿಯಾಗೇ ಇತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತದ ಹೊಲ ಇರೋರ ಬಾಯಲ್ಲಿ ‘ಲೀಸಿಗೆ ಕೊಟ್ಟೀನಿ’ ಅಂದ್ರೆ, ಎಕರೆಗೆ ಇಷ್ಟು ಅಂತ ವರ್ಷದ ದುಡ್ಡು ತಗೊಂಡು ಹೊಲ ಬಿಟ್ಟುಕೊಟ್ಟಿದ್ದೀನಿ ಅಂತ. ಹಳಬರು ಲಾವಣಿ ಅಂತಾರೆ, ಗುತ್ತಿಗೆ ಅಂತಾರೆ. ಬೆಳೆ ಬಂದರೂ ಬರದಿದ್ದರೂ ಆ ದುಡ್ಡು ಕೊಟ್ಟವನಿಗೆ ವಾಪಸ್ಸಿಲ್ಲ. ಬೆಳೆಯಲ್ಲಿ ಪಾಲು ಮಾಡಿಕೊಂಡರೆ ಅದು ‘ಪಾಲಿಗೆ’, ಅದು ಬೇರೆ ಒಪ್ಪಂದ. ರೇಟು ಕಾಲುವೆಯನ್ನ ನೋಡಿಕೊಂಡು ನಿಲ್ಲುತ್ತೆ. ಮಾನ್ವಿ ಕಾಲುವೆಯ ಕೊನೆ ಭಾಗ. ಎರಡನೇ ಬೆಳೆಗೆ ನೀರು ಬರುತ್ತೆ ಅನ್ನೋ ವರ್ಷ ಒಂದು ರೇಟು, ಬರಲ್ಲ ಅನ್ನೋ ವರ್ಷ ಇನ್ನೊಂದು. 2024ರ ಆಗಸ್ಟಿನಲ್ಲಿ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯ್ತಲ್ಲ, ಆಗ ನಮ್ಮ ಕಡೆ ಹೊಲದ ಮಾತುಕತೆಯೆಲ್ಲ ಗಕ್ಕನೆ ನಿಂತುಬಿಟ್ಟಿತ್ತು.

ಇದರಲ್ಲಿ ಇನ್ನೊಂದು ವಿಚಿತ್ರ ಇದೆ. ಈ ಹೊಲದ ಲೀಸಿಗೆ ಕಾಗದವೇ ಇರಲ್ಲ. ಯಾಕಂದ್ರೆ ಕರ್ನಾಟಕದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಗೇಣಿಯನ್ನೇ ರದ್ದು ಮಾಡಿತು. ಸೈನಿಕರಂಥ ಕೆಲವರಿಗೆ ಇರೋ ವಿನಾಯಿತಿ ಬಿಟ್ಟರೆ ಹೊಲವನ್ನ ಗುತ್ತಿಗೆಗೆ ಕೊಡೋದು ಕಾನೂನಿನಲ್ಲಿ ಇಲ್ಲವೇ ಇಲ್ಲ. ಕಾಗದದಲ್ಲಿ ಬರೆದರೆ ತಪ್ಪಿಗೆ ಸಾಕ್ಷಿ ಬರೆದಿಟ್ಟ ಹಾಗೆ! ಹೀಗಾಗಿ ಲಕ್ಷಗಟ್ಟಲೆ ವ್ಯವಹಾರ ಬಾಯಿಮಾತಿನಲ್ಲೇ ನಡೆಯುತ್ತೆ. ಇಂಥಲ್ಲಿ ನಲವತ್ತು ವರ್ಷ ಪಳಗಿದ ಮನುಷ್ಯನ ಮುಂದೆ ಎಂಟು ಪುಟದ ಕರಾರು ಪತ್ರ ಇಟ್ಟರೆ, ಇಷ್ಟು ಬರೀಬೇಕು ಅಂದ್ರೆ ಏನೋ ಮೋಸ ಇರಬೇಕು ಅನ್ನಿಸೋದು ಸಹಜ.

ಬೆಂಗಳೂರಿನವರು ಲೀಸ್ ಅನ್ನೋದನ್ನ ಹಳೇ ಕನ್ನಡದಲ್ಲಿ ಭೋಗ್ಯ ಅಂತ ಕರೀತಾರೆ. ಇಡುಗಂಟು ಕೊಡೋದು, ಬಾಡಿಗೆ ಇಲ್ಲದೆ ಇರೋದು, ಅವಧಿ ಮುಗಿದಾಗ ಬಡ್ಡಿ ಇಲ್ಲದೆ ಅಷ್ಟೇ ಗಂಟು ವಾಪಸ್ ತಗೊಳ್ಳೋದು. ಇನ್ನು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 105ನೇ ಕಲಮಿನ ಪ್ರಕಾರ ತಿಂಗಳ ಬಾಡಿಗೆಯ ಮನೆಯೂ ‘ಲೀಸೇ’. ಆಸ್ತಿಯನ್ನ ಅನುಭವಿಸೋ ಹಕ್ಕು ಕೊಟ್ಟು ಅದಕ್ಕೆ ಬೆಲೆ ತಗೊಂಡರೆ ಮುಗೀತು. ನಮ್ಮ ಭೋಗ್ಯಕ್ಕೆ ಆ ಕಾಯ್ದೆಯಲ್ಲಿ ಹತ್ತಿರ ಬರೋದು 58ನೇ ಕಲಮಿನ ಸ್ವಾಧೀನ ಅಡಮಾನ. ಅಂದ್ರೆ ನಿಜ ಹೇಳಬೇಕಂದ್ರೆ ಇಲ್ಲಿ ನಾವು ಬಾಡಿಗೆದಾರರಲ್ಲ, ಮಾಲಕರಿಗೆ ಸಾಲ ಕೊಟ್ಟವರು. ಸಾಲಕ್ಕೆ ಬಡ್ಡಿಯ ಬದಲು ಮನೆ.

ಹಾಗೆ ನೋಡಿದ ತಕ್ಷಣ ಪುಕ್ಕಟೆ ಅನ್ನೋ ಮಾತು ಹೋಯ್ತು, ಲೆಕ್ಕ ಸುಲಭ ಆಯ್ತು. ಎಂಟು ಲಕ್ಷ ಬ್ಯಾಂಕಿನಲ್ಲಿ ಶೇಕಡಾ 7ಕ್ಕೆ ಇಟ್ಟರೆ ವರ್ಷಕ್ಕೆ 56,000, ತಿಂಗಳಿಗೆ ಸುಮಾರು 4,660. ಅದೇ ಲೀಸ್ ಮನೆಯ ನಿಜವಾದ ಬಾಡಿಗೆ. ಈ ಕಡೆ 9,000 ಬಾಡಿಗೆ, ಜೊತೆಗೆ ಐವತ್ತು ಸಾವಿರದ ಬಡ್ಡಿ ಸುಮಾರು 290. ಅಂದ್ರೆ ಲೀಸ್ ತಗೊಂಡರೆ ತಿಂಗಳಿಗೆ 4,600ರಷ್ಟು ಉಳಿತಾಯ, ಮೂರು ವರ್ಷಕ್ಕೆ ಒಂದು ಲಕ್ಷ ಅರವತ್ತಾರು ಸಾವಿರ. ಸಣ್ಣ ದುಡ್ಡಲ್ಲ. ಮಾವ ಲೆಕ್ಕದ ಹಾಳೆಯನ್ನ ಎರಡು ಸಲ ತಿರುಗಿಸಿ ನೋಡಿ, "ಹಂಗಾದ್ರ ಲೀಜೇ ಚಲೋ ಬಿಡಪಾ" ಅಂತ ಪಕ್ಷಾಂತರ ಮಾಡಿಬಿಟ್ಟರು :-)

ನಾನು ಒಪ್ಪಲಿಲ್ಲ. ಸಾಲ ಕೊಡೋನು ಕೇಳಬೇಕಾದ ಮೊದಲ ಪ್ರಶ್ನೆ, ಇವರ ಮೇಲೆ ಬೇರೆ ಯಾರ ಸಾಲ ಇದೆ ಅನ್ನೋದು. ಅದಕ್ಕೆ ಇರೋದು ಋಣಭಾರ ಪತ್ರ, ಎಲ್ಲರ ಬಾಯಲ್ಲೂ ‘ಇ.ಸಿ.’. ಕಾವೇರಿ ತಾಣದಲ್ಲಿ ಆಸ್ತಿಯ ವಿವರ ಕೊಟ್ಟು ಅರ್ಜಿ ಹಾಕಿದರೆ ಆಗುತ್ತೆ, ಮಾಲಕರೇ ಆಗಿರಬೇಕಂತಿಲ್ಲ. ತರಿಸಿದೆ. ಒಂದು ಬ್ಯಾಂಕಿಗೆ ಹಕ್ಕುಪತ್ರ ಒತ್ತೆ ಇಟ್ಟ ನೋಂದಣಿ ಅದರಲ್ಲಿತ್ತು. ಮಾಲಕರನ್ನ ಕೇಳಿದರೆ, "ಹೋಮ್ ಲೋನ್ ಸರ್, ಎಲ್ಲರದೂ ಇರತ್ತೆ" ಅಂದರು. ಅದೂ ನಿಜವೇ. ಅವರೇನು ಮುಚ್ಚಿಟ್ಟಿರಲಿಲ್ಲ, ನಾವು ಕೇಳಿರಲಿಲ್ಲ ಅಷ್ಟೇ. (ಒತ್ತೆ ಸಾಲ ಕೆಲವೊಮ್ಮೆ ಇ.ಸಿ.ಯಲ್ಲಿ ಕಾಣಿಸದೆಯೂ ಇರಬಹುದು. ಅದಕ್ಕೆ ‘ಸರ್ಸಾಯಿ’ ಅನ್ನೋ ಕೇಂದ್ರ ನೋಂದಣಿ ಇದೆ, ಅಲ್ಲೂ ಹುಡುಕಬಹುದು.)

ಆದರೆ ಕಂತು ನಿಂತರೆ? 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ಬ್ಯಾಂಕು ಕೋರ್ಟಿನಲ್ಲಿ ದಾವೆ ಹೂಡದೆಯೇ ಮನೆಯನ್ನ ವಶಕ್ಕೆ ತಗೊಳ್ಳೋ ಕ್ರಮ ಶುರು ಮಾಡಬಹುದು. ಆಗ ಬ್ಯಾಂಕು ನಮಗಿಂತ ಮೊದಲು ಸಾಲ ಕೊಟ್ಟವರು. ನಮ್ಮ ಕೈಯಲ್ಲಿ ಇರೋದು ನೋಂದಣಿ ಆಗದ ಒಂದು ಛಾಪಾ ಕಾಗದ. ಅಡಮಾನದ ಮೊತ್ತ ನೂರು ರೂಪಾಯಿ ದಾಟಿದರೆ ನೋಂದಣಿ ಕಡ್ಡಾಯ ಅಂತ ಅದೇ 1882ರ ಕಾಯ್ದೆಯ 59ನೇ ಕಲಮು ಹೇಳುತ್ತೆ. ನೂರು ರೂಪಾಯಿ! ಆಗಿನ ಕಾಲದ ನೂರು ರೂಪಾಯಿ ಇರಬಹುದು, ಆದರೆ ನಾವು ಎಂಟು ಲಕ್ಷವನ್ನ ಹಾಗೇ ಕೊಡ್ತೀವಿ. ಬೆಂಗಳೂರಿನಲ್ಲಂತೂ ಮಧ್ಯವರ್ತಿ ಕಂಪನಿಗಳು ಮಾಲಕರಿಂದ ತಿಂಗಳ ಬಾಡಿಗೆಗೆ ಮನೆ ತಗೊಂಡು, ಅದನ್ನೇ ಬೇರೆಯವರಿಗೆ ಲೀಸಿಗೆ ಕೊಟ್ಟು, ಇಡುಗಂಟಿನೊಂದಿಗೆ ಮಾಯವಾದ ಸುದ್ದಿಗಳು ಕಳೆದ ಕೆಲವು ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಮತ್ತೆಮತ್ತೆ ಬಂದಿವೆ. ನೀವು ಲೀಸಿಗೆ ಹೋಗೋದಾದರೆ ಕರಾರಿಗೆ ಸಹಿ ಹಾಕೋರು ಇ.ಸಿ.ಯಲ್ಲಿ ಹೆಸರಿರೋ ಮಾಲಕರೇನಾ ಅಂತ ನೋಡಿಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೂ ಅಪ್ಪನ ಮನಸ್ಸು ಆ ಒಂದು ಲಕ್ಷ ಅರವತ್ತಾರು ಸಾವಿರದ ಹತ್ತಿರವೇ ಸುಳಿದಾಡ್ತಿತ್ತು. ಮಾಸ್ತರರ ಸಂಬಳದಲ್ಲಿ ಪೈಸೆ ಪೈಸೆ ಕೂಡಿಸಿದವರು, ತಪ್ಪಲ್ಲ. ಆಗ ಒಳಗಿಂದ ರೊಟ್ಟಿ ಬಡಿಯೋದು ನಿಲ್ಲಿಸಿ ಅವ್ವ ಹೇಳಿದ್ದು:

"ರೊಕ್ಕ ಬ್ಯಾಂಕಿನಾಗೇ ಇರ್ಲಿ. ರಾತ್ರಿ ಎದಿ ನೋವು ಬಂದ್ರ, ಲೀಜು ಮುಗಿಯೋ ತನಕಾ ತಡೀರಿ ಅಂತಾರೇನು ಡಾಕ್ಟ್ರು?"

ಅಲ್ಲಿಗೆ ಲೀಸಿನ ಮಾತು ಮುಗೀತು. ಬಾಡಿಗೆಗೇ ತಗೊಳ್ಳೋದು ಅಂತಾಯ್ತು.

‘ಅಡ್ವಾನ್ಸ್’ ಕೂಡ ಇಂಥದ್ದೇ ಪದ. ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಅಡತಿ ಅಂಗಡಿಯವರು ರೈತರಿಗೆ ಕೊಡೋ ಅಡ್ವಾನ್ಸ್, ಹತ್ತಿ ಬಂದ ಮೇಲೆ ಲೆಕ್ಕದಲ್ಲಿ ಮುರಿದುಕೊಳ್ಳೋದು. ಇಂಗ್ಲಿಷಿನಲ್ಲೂ ಮುಂಗಡ ಅಂದ್ರೆ ಮುಂದೆ ಕೊಡಬೇಕಾದ್ದರಲ್ಲಿ ವಜಾ ಆಗೋದು. ಮನೆ ಬಾಡಿಗೆಯ ಅಡ್ವಾನ್ಸ್ ಮುಂಗಡವೇ ಅಲ್ಲ, ಅದು ಠೇವಣಿ. ಬಾಡಿಗೆಯಲ್ಲಿ ಮುರಿಯಲ್ಲ, ಮನೆ ಬಿಡುವಾಗ ವಾಪಸ್ ಬರಬೇಕು. ಟೋಕನ್ ಅಂತ ಮೊದಲು ಕೊಡೋ ಐದು ಸಾವಿರ ಆ ಠೇವಣಿಯಲ್ಲಿ ಸೇರುತ್ತಾ, ಮನಸ್ಸು ಬದಲಾದರೆ ವಾಪಸ್ ಕೊಡ್ತಾರಾ ಅನ್ನೋದನ್ನ ಕೊಡೋ ಮೊದಲೇ ಕೇಳಬೇಕು. ಅಂಗಡಿ ಮಳಿಗೆಗಳಲ್ಲಿ ‘ಗುಡ್‌ವಿಲ್’ ಅಂತ ಇನ್ನೊಂದು ಇದೆ, ಅದು ಹೋಯ್ತು ಅಂದ್ರೆ ಹೋಯ್ತು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳೋದು ಬಹಳ ಕಾಲದ ರೂಢಿ. 2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯ್ದೆ ತಂದು ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡ ಅಂದಿತು. ವಾಟ್ಸಾಪಿನಲ್ಲಿ ಅದು ‘ಹೊಸ ಕಾನೂನು’ ಅಂತ ತಿರುಗಾಡ್ತಾನೇ ಇರುತ್ತೆ. ಹೆಸರೇ ಹೇಳೋ ಹಾಗೆ ಅದು ಮಾದರಿ. ಆಯಾ ರಾಜ್ಯ ತನ್ನ ಕಾನೂನು ಮಾಡಿಕೊಂಡರೆ ಮಾತ್ರ ಜಾರಿ. ಆ ಮೆಸೇಜು ತೋರಿಸಿ ಮಾಲಕರ ಹತ್ತಿರ ಜಗಳಕ್ಕೆ ಹೋಗಬೇಡಿ.

ಹನ್ನೊಂದು ತಿಂಗಳ ಕರಾರಿನ ಬಗ್ಗೆ ಮಾವನ ವಿವರಣೆ ಕೇಳಿ: "ಹನ್ನೆರಡು ತಿಂಗಳಾದ್ರ ಮನಿ ಅವಂದೇ ಆಗ್ತಾದ, ಅದಕ್ಕ." ಉಳುವವನೇ ಹೊಲದೊಡೆಯ ಅನ್ನೋ ಕಾಲ ನೋಡಿದವರಿಗೆ ಈ ಭಯ ಇರೋದರಲ್ಲಿ ಆಶ್ಚರ್ಯ ಏನಿಲ್ಲ. ಬೆಂಗಳೂರಿನ ಮಾಲಕರ ಬಾಯಲ್ಲೂ ಇದನ್ನೇ ಕೇಳಿದ್ದೀನಿ. ನಿಜವಾದ ಕಾರಣ ಬಹಳ ಸಪ್ಪೆ. 1908ರ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನ ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ಬೇಡ ಅಂತ ಹನ್ನೊಂದಕ್ಕೆ ನಿಲ್ಲಿಸ್ತಾರೆ. ಹನ್ನೆರಡು ಅನ್ನೋ ಸಂಖ್ಯೆ ಬಹುಶಃ ಹನ್ನೆರಡು ವರ್ಷದ ಪ್ರತಿಕೂಲ ಸ್ವಾಧೀನದಿಂದ ಬಂದಿರಬೇಕು. ಅದು ಮಾಲಕನ ಹಕ್ಕನ್ನೇ ಅಲ್ಲಗಳೆದು ಕೂತವನ ಮಾತು. ಬಾಡಿಗೆ ಕೊಟ್ಟುಕೊಂಡು ಇರೋನು ಮಾಲಕನನ್ನ ಮಾಲಕ ಅಂತ ಒಪ್ಪಿಕೊಂಡೇ ಇರೋನು, ಅವನಿಗೆ ಅದು ಅನ್ವಯಿಸಲ್ಲ. ಇದೇ ಜಾಗದಲ್ಲಿ ಬಾಡಿಗೆದಾರರ ಒಂದು ಭ್ರಮೆಯನ್ನೂ ಹೇಳಬೇಕು. ‘ರೆಂಟ್ ಕಂಟ್ರೋಲ್ ಇದೆ, ಬಿಡಿಸೋಕಾಗಲ್ಲ’ ಅಂತಾರಲ್ಲ, ಈಗಿರೋ 1999ರ ಕರ್ನಾಟಕ ಬಾಡಿಗೆ ಕಾಯ್ದೆಗೆ ಬಾಡಿಗೆಯ ಮಿತಿ ಇದೆ. ಅದರ ಪಟ್ಟಿಯಲ್ಲಿರೋ ದೊಡ್ಡ ಊರುಗಳಲ್ಲಿ 3,500, ಉಳಿದ ಕಡೆ 2,000 ಅಂತ ಕಾಯ್ದೆ ಬರೆದಾಗ ಇಟ್ಟದ್ದು. ಎರಡು ಬೆಡ್‌ರೂಮಿನ ಯಾವ ಮನೆ ಅದರೊಳಗೆ ಬರುತ್ತೆ ನೀವೇ ಹೇಳಿ. ಅದರ ಹೊರಗಿದ್ದರೆ ನಮ್ಮ ಕರಾರಿನಲ್ಲಿ ಬರೆದದ್ದೇ ನಮಗೆ ಆಧಾರ.

ಇನ್ನು ಚದರಡಿ. ಮಾಲಕರು 1,200 ಅಂದಿದ್ದರು. ನಾನು ಟೇಪು ಹಿಡಿದು ಕೋಣೆ ಕೋಣೆ ಅಳೆದರೆ 860 ಬಂತು. ಸುಳ್ಳೇನಲ್ಲ. 1,200 ಅನ್ನೋದು ‘ಸೂಪರ್ ಬಿಲ್ಟ್ ಅಪ್’. ಮೆಟ್ಟಿಲು, ಲಿಫ್ಟು, ಕಾರಿಡಾರು ಎಲ್ಲದರಲ್ಲಿ ನಮ್ಮ ಪಾಲನ್ನ ಕೂಡಿಸಿದ್ದು. ಹೊರಗೋಡೆ, ಬಾಲ್ಕನಿವರೆಗೆ ಲೆಕ್ಕ ಹಾಕಿದರೆ ‘ಬಿಲ್ಟ್ ಅಪ್’. ಒಳಗೆ ಕಾಲಿಡೋ ಜಾಗ ‘ಕಾರ್ಪೆಟ್’. ಈ ಮೂರರಲ್ಲಿ 2016ರ ರೇರಾ ಕಾಯ್ದೆ ವ್ಯಾಖ್ಯಾನ ಕೊಟ್ಟಿರೋದು ಕಾರ್ಪೆಟ್ಟಿಗೆ. ಹೊರಗೋಡೆ, ಬಾಲ್ಕನಿ ಬಿಟ್ಟು, ಒಳಗಿನ ಅಡ್ಡಗೋಡೆ ಸೇರಿಸಿ. ಅಪ್ಪನಿಗೆ ಇದನ್ನ ವಿವರಿಸೋಕೆ ಒಂದು ನಿಮಿಷವೂ ಬೇಕಾಗಲಿಲ್ಲ. ದೇವದುರ್ಗದ ಹಳೇ ಮನೆಗಳನ್ನ ಅಂಕಣದಲ್ಲಿ ಎಣಿಸ್ತಾರೆ, ಕಂಬದಿಂದ ಕಂಬಕ್ಕೆ ಒಂದು ಅಂಕಣ. ಬೀದಿಯ ಕಟ್ಟೆಯನ್ನ ಯಾರೂ ಅಂಕಣಕ್ಕೆ ಸೇರಿಸಲ್ಲ. "ಅಂದ್ರ ಕಾರ್ಪೆಟ್ ಅಂದ್ರ ಅಂಕಣ, ಸೂಪರ್ ಅಂದ್ರ ಕಟ್ಟಿ, ಓಣಿ, ಭಾವಿ ಎಲ್ಲಾ ಕೂಡಿಸಿ ಅಂತಂದಂಗ" ಅಂದರು. ಇದಕ್ಕಿಂತ ಚೆನ್ನಾಗಿ ನಾನು ಯಾವ ಬಿಲ್ಡರ್ ಕೈಲೂ ಕೇಳಿಲ್ಲ.

ನೀರಿನ ಬಗ್ಗೆ ಜಾಹೀರಾತಿನ ಮಾತನ್ನ ನಂಬಬೇಡಿ. ‘24 ಗಂಟೆ ನೀರು’ ಅಂದ್ರೆ ಬೋರಿನ ನೀರು ಮೇಲಿನ ಟ್ಯಾಂಕಿನಲ್ಲಿ ತುಂಬಿರುತ್ತೆ ಅಂತ, ಕುಡಿಯೋ ನೀರು ಅಂತಲ್ಲ. ಬೆಂಗಳೂರಿನಲ್ಲಿ ‘ಕಾವೇರಿ ಇದೆಯಾ’ ಅಂತ ಕೇಳೋ ಹಾಗೆ ಇಲ್ಲಿ ‘ನಳ ಎಷ್ಟು ದಿವ್ಸಕ್ಕ ಬರ್ತಾದ’ ಅಂತ ಕೇಳಬೇಕು. ಒಂದು ಕಡೆ ಕೃಷ್ಣೆ, ಒಂದು ಕಡೆ ತುಂಗಭದ್ರೆ ಇರೋ ಜಿಲ್ಲೆಯ ಊರಿನಲ್ಲಿ ಈ ಪ್ರಶ್ನೆ ಕೇಳಬೇಕಾಗಿರೋದೇ ಬೇಸರ. 2022ರ ಮೇ ಕೊನೆಗೆ ಇದೇ ರಾಯಚೂರಿನಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಆಮೇಲೆ ನನಗೆ ಗೊತ್ತಿರೋ ಮನೆಗಳಲ್ಲೆಲ್ಲ ಫಿಲ್ಟರ್ ಬಂದಿದೆ. ಹಾಗೇ ‘ಟಾಪ್ ಫ್ಲೋರ್, ಒಳ್ಳೇ ಗಾಳಿ ಬೆಳಕು’ ಅಂದ್ರೆ ಮೇ ತಿಂಗಳಲ್ಲಿ ತಲೆ ಮೇಲೆ ಕಾದ ಹಂಚು. ನಮ್ಮೂರಿನ ಮಣ್ಣಿನ ಮಾಳಿಗೆ ತಂಪು ಸ್ಲಾಬಿಗೆ ಎಲ್ಲಿಂದ ಬರಬೇಕು. ‘ಪವರ್ ಬ್ಯಾಕಪ್’ ಅಂದ್ರೆ ಲಿಫ್ಟಿಗೂ ಇದೆಯಾ, ಬರೀ ಮೆಟ್ಟಿಲ ದೀಪಕ್ಕಾ? ಎದೆ ಕೊಯ್ಸಿಕೊಂಡ ಮನುಷ್ಯನಿಗೆ ಅದು ಸಣ್ಣ ಪ್ರಶ್ನೆ ಅಲ್ಲ. ನಮ್ಮದು ಬರೀ ದೀಪಕ್ಕಂತೆ. ಮೊದಲನೇ ಮಹಡಿ ಅಂತ ಒಪ್ಪಿಕೊಂಡ್ವಿ.

ಯಾವ ಕರಾರಿನಲ್ಲೂ ಬರೆಯದ ಪದವೊಂದಿದೆ, ‘ಪೈಕಿ’. "ನೀವು ಯಾವ ಪೈಕಿ?" ಎರಡು ದಿನದಲ್ಲಿ ನೋಡಿದ ಏಳು ಮನೆಗಳಲ್ಲಿ ನಾಲ್ಕು ಕಡೆ ಬಾಡಿಗೆ ಹೇಳೋ ಮೊದಲೇ ಈ ಪ್ರಶ್ನೆ ಬಂತು. ಒಂದು ಕಡೆ ನಮ್ಮ ಉತ್ತರ ಕೇಳಿದ ಮೇಲೆ ಮನೆ ‘ನಿನ್ನೆನೇ ಹೋಗ್ಯಾದ’ ಆಯ್ತು. ಬೋರ್ಡು ಮಾತ್ರ ಹಾಗೇ ತೂಗಾಡ್ತಿತ್ತು. ಬೆಂಗಳೂರಿನಲ್ಲಿ ಇದನ್ನೇ ‘ಓನ್ಲಿ ವೆಜಿಟೇರಿಯನ್’ ಅಂತಲೋ ‘ಡೀಸೆಂಟ್ ಫ್ಯಾಮಿಲಿ’ ಅಂತಲೋ ನಯವಾಗಿ ಹೇಳ್ತಾರೆ. ಅಪ್ಪ ಮೂವತ್ತೆಂಟು ವರ್ಷ ಎಲ್ಲ ಪೈಕಿಯ ಮಕ್ಕಳಿಗೂ ಅಕ್ಷರ ಕಲಿಸಿದವರು. ಆ ಗೇಟಿನಿಂದ ಹೊರಗೆ ಬಂದು ಏನೂ ಮಾತಾಡದೆ ಚಪ್ಪಲಿ ಸರಿಮಾಡಿಕೊಂಡರು. ನಾನೂ ಸುಮ್ಮನಿದ್ದೆ. ಈ ಫೋನಿನ ಮಾಲಕರು ಮಾತ್ರ ಅದನ್ನ ಕೇಳಲೇ ಇಲ್ಲ. ಈ ಮನೆ ಹಿಡಿಸೋಕೆ ಅದೂ ಒಂದು ಕಾರಣ.

ಕರಾರು ಬಂದಾಗ ಮೂರು ಸಾಲಿಗೆ ಮಾತ್ರ ನಾನು ಪಟ್ಟು ಹಿಡಿದೆ. ಒಂದು, ‘ಲಾಕ್ ಇನ್’ ಹನ್ನೊಂದು ತಿಂಗಳು ಅಂತ ಇತ್ತು. ಅಂದ್ರೆ ನಡುವೆ ಬಿಟ್ಟರೆ ಉಳಿದ ತಿಂಗಳ ಬಾಡಿಗೆಯೂ ಕೊಡಬೇಕು. ಆಸ್ಪತ್ರೆಯ ಸಲುವಾಗಿ ಬರೋರಿಗೆ ಇದು ಆಗಲ್ಲ ಅಂತ ತೆಗೆಸಿ, ಎರಡೂ ಕಡೆಯವರಿಗೆ ಒಂದು ತಿಂಗಳ ನೋಟೀಸು ಅಂತ ಬರೆಸಿದೆ. ಏನೂ ಬರೆಯದೇ ಇದ್ದರೆ ತಿಂಗಳ ಬಾಡಿಗೆ ಮನೆಗೆ ಕಾನೂನು ಹೇಳೋದು ಹದಿನೈದೇ ದಿನದ ನೋಟೀಸು, ಅಷ್ಟರಲ್ಲಿ ಅಪ್ಪ-ಅವ್ವ ಎಲ್ಲಿ ಮನೆ ಹುಡುಕಬೇಕು? ಎರಡು, ‘ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಕಡಿತ’. ಬೆಂಗಳೂರಿನಲ್ಲಿ ನಾನು ಬಿಟ್ಟ ಮನೆಯಲ್ಲಿ ಇದೇ ಸಾಲಿನ ಮೇಲೆ ಹದಿನೆಂಟು ಸಾವಿರ ಹಿಡಿದುಕೊಂಡಿದ್ದರು, ಎಂಟೇ ತಿಂಗಳು ಇದ್ದೆ. 108ನೇ ಕಲಮು ಹೇಳೋದು, ಸಹಜ ಸವಕಳಿ ಬಿಟ್ಟು ಉಳಿದ ಹಾನಿ ಸರಿಮಾಡಿ ಕೊಡಬೇಕು ಅಂತ. ಗೋಡೆ ಮಾಸೋದು ಸವಕಳಿ, ಗೋಡೆಗೆ ತೂತು ಹೊಡೆಯೋದು ಹಾನಿ. ಆದರೆ ಕರಾರಿನಲ್ಲಿ ಬೇರೆ ಬರೆದು ಸಹಿ ಹಾಕಿದರೆ ಕರಾರೇ ಗೆಲ್ಲುತ್ತೆ. ಅದಕ್ಕೆ ‘ಎರಡು ವರ್ಷ ದಾಟಿದರೆ ಮಾತ್ರ ಅರ್ಧ ತಿಂಗಳು’ ಅಂತ ಚೌಕಾಸಿ ಆಯ್ತು. ಮೂರು, ಮೇಂಟೆನೆನ್ಸ್ ಬಾಡಿಗೆಯ ಒಳಗೋ ಹೊರಗೋ. ಹೊರಗೆ, 800. ಕರೆಂಟು ಬೇರೆ ಮೀಟರು. ಆರ್.ಆರ್. ನಂಬರನ್ನೂ ಕರಾರಿನಲ್ಲೇ ಬರೆಸಿದ್ವಿ, ಗೃಹಜ್ಯೋತಿಗೆ ಬಾಡಿಗೆದಾರರೂ ಅರ್ಹರು.

ಐವತ್ತು ಸಾವಿರವನ್ನ ಬ್ಯಾಂಕಿನಿಂದಲೇ ಹಾಕಿದ್ವಿ, ಷರಾದಲ್ಲಿ ‘ವಾಪಸ್ ಬರಬೇಕಾದ ಠೇವಣಿ’ ಅಂತ ಬರೆದು. ಫ್ಯಾನು ನಾಲ್ಕು, ಟ್ಯೂಬ್‌ಲೈಟು ಐದು, ಗೀಸರು ಒಂದು (ಕೆಟ್ಟಿದೆ) ಅಂತ ಪಟ್ಟಿ ಮಾಡಿದ್ದು ಮಾವ. ಬಾಯಿಮಾತಿನ ಮನುಷ್ಯ ಕೊನೆಗೆ ಆ ಪಟ್ಟಿಯ ಕೆಳಗೆ ತಮ್ಮದೊಂದು ಸಾಕ್ಷಿ ಸಹಿಯನ್ನೂ ಹಾಕಿ, ತಾರೀಖು ಬರೆದು, ಕಾಗದವನ್ನ ಮಡಚಿ ಅವ್ವನ ಕೈಗೆ ಕೊಟ್ಟರು. ಮುಂದಿನ ವಾರ ಸಾಮಾನು ಸಾಗಿಸೋದು. ದೇವದುರ್ಗದ ಹೊರಸು ಲಿಫ್ಟಿನಲ್ಲಿ ಹಿಡಿಸಲ್ಲ ಅಂತ ಈಗಾಗಲೇ ಅಳತೆ ಆಗಿದೆ. ಬಿಟ್ಟು ಬರಲ್ಲ ಅಂತ ಅಪ್ಪ, ಮೆಟ್ಟಿಲ ಮೇಲೆ ಹೊರಿಸೋದು ಅಂತ ಮಾವ.